ಸ್ಟೇಷನ್ ಮಾಸ್ತರನ ಸೇಬಿನ ಜಾಡಿ

"ಅಪ್ಪಾರ, ಮೊದಲ ಭಜನಿಗೆ ಕುಂತ್ರ ಕಣ್ಣಾಗಿನ ನೀರು ಅಂಗಿ ತೋಯಿಸ್ತಿದ್ದುವು. ಈಗ ಒಂದು ಹನಿ ಇಲ್ಲ. ನನ್ನ ಭಕ್ತಿ ಸತ್ತು ಹೋತೇನ್ರೀ?"

ಹೀಗೆ ಕೇಳಿದವನು ಅಡಿವೆಪ್ಪ. ಕೇಳಿದ್ದು ತನ್ನ ಗುರುಗಳನ್ನು. ಗುರುಗಳು ಮಠದ ಹಿತ್ತಲ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಪ್ರಶ್ನೆ ಕೇಳಿಸಿತೋ ಇಲ್ಲವೋ ಎನ್ನುವಂತೆ ಇನ್ನೊಂದು ಕಾಯಿ ಒಡೆದರು.

ಅಡಿವೆಪ್ಪ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಮೊದಲ ವರ್ಷದ ಅವನ ಭಕ್ತಿಯನ್ನು ಊರೇ ನೋಡಿತ್ತು. ತಾಳದ ಮೊದಲ ಪೆಟ್ಟಿಗೇ ಅವನ ಮೈ ಜುಮ್ಮೆನ್ನುತ್ತಿತ್ತು. ಎರಡನೆಯ ಪೆಟ್ಟಿಗೆ ಕಣ್ಣು ತುಂಬುತ್ತಿತ್ತು. ಒಮ್ಮೆ ಭಾವ ಉಕ್ಕಿ ಹೊರಳಾಡಿದ ರಭಸಕ್ಕೆ ಹಾರ್ಮೋನಿಯಂ ಮಗುಚಿ ಬಿದ್ದು ಅದರ ಎರಡು ಸ್ವರದ ಮನೆ ಇಂದಿಗೂ ಮೂಕವಾಗಿವೆ. ದರ್ಶನಕ್ಕೆ ಬಂದ ಹೆಣ್ಣುಮಕ್ಕಳು, "ಆ ತಮ್ಮನ್ನ ನೋಡ್ರೇ, ಖರೇ ಭಕ್ತ ಅಂದ್ರ ಅವ" ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ಅಡಿವೆಪ್ಪ ಕಣ್ಣು ಮುಚ್ಚಿಕೊಂಡೇ ಅದನ್ನು ಕೇಳಿಸಿಕೊಳ್ಳುತ್ತಿದ್ದ.

ಎರಡನೆಯ ವರ್ಷ ಕಣ್ಣೀರು ಕಡಿಮೆಯಾಯಿತು. ಮೂರನೆಯ ವರ್ಷ ಪೂರ್ತಿ ನಿಂತಿತು. ಈಗ ಅವನು ಭಜನೆಗೆ ಕೂರುತ್ತಿದ್ದ, ಹಾಡುತ್ತಿದ್ದ, ಮುಗಿದ ಮೇಲೆ ಏಳುತ್ತಿದ್ದ. ಅಷ್ಟೆ.

ಗಾಬರಿಯಾಗಿ ಅವನು ಏನೆಲ್ಲ ಮಾಡಿದ. ಬೆಳಗಿನ ಚಳಿಯಲ್ಲಿ ತಣ್ಣೀರು ಹೊಯ್ದುಕೊಂಡ, ನೆಗಡಿ ಬಂತು. ಒಂಬತ್ತು ದಿನ ಬರೀ ಹಾಲು ಕುಡಿದ, ಹಸಿವೆಯಾಯಿತು. ತಾಳ ಬಾರಿಸುವವನ ಮಗ್ಗುಲಿಗೇ ಕಿವಿಯಿಟ್ಟು ಕೂತ, ಕಿವಿ ಗುಂಯ್‌ಗುಟ್ಟಿತು. ಕಣ್ಣೀರು ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಯಾರೋ ಅವನಿಗೆ ಹೊಳೆಯ ಆಚೆಯ ಇನ್ನೊಂದು ಮಠದ ಸುದ್ದಿ ಹೇಳಿದರು. ಅಲ್ಲಿಯ ಸ್ವಾಮಿಗಳು ನೆತ್ತಿಯ ಮೇಲೆ ಕೈಯಿಟ್ಟರೆ ಸಾಕಂತೆ, ಜನ ಗಡಗಡ ನಡುಗುತ್ತಾರಂತೆ. ಅಡಿವೆಪ್ಪ ಎರಡು ಧೋತರ, ಒಂದು ಚಾದರ ಚೀಲಕ್ಕೆ ತುಂಬಿದ. ಮಧ್ಯಾಹ್ನದ ಬಸ್ಸಿಗೆ ಹೋಗುವುದೆಂದು ನಿಶ್ಚಯಿಸಿದ. ಗುರುಗಳ ಅಪ್ಪಣೆಯೊಂದು ಬಾಕಿ ಇತ್ತು. ಅದಕ್ಕೇ ಈ ಪ್ರಶ್ನೆ.

"ಸತ್ತೈತಿ ಅಂತ ಹೇಳಿಬಿಡ್ರಿ ಅಪ್ಪಾರ" ಎಂದ ಅವನು. "ಆಚಿ ಮಠಕ್ಕ ಹೋಗಿ ಮತ್ತ ಹುಟ್ಟಿಸಿಕೊಂತೇನಿ."

ಗುರುಗಳು ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿಹಿಟ್ಟಿನ ಕೈ ಕಾಣಿಸಿತು. ಆ ಕೈ ನೀಲವ್ವನದು. ಮಠದ ದಾಸೋಹದ ಒಲೆ ಇಪ್ಪತ್ತು ವರ್ಷದಿಂದ ಅವಳ ವಶದಲ್ಲಿತ್ತು. ನಾಲಿಗೆಗೂ ಅಷ್ಟೇ ವರ್ಷದ ಅಧಿಕಾರ ಸಿಕ್ಕಿತ್ತು.

"ಈಗ ತಿಳೀತ್ರೀ ಅಪ್ಪಾರ! ಎಂಟು ದಿನ ಆತು, ಭಜನಿ ಹೊತ್ತಾತಂದ್ರ ಸಾಕು, 'ಯವ್ವಾ, ಉಳ್ಳಾಗಡ್ಡಿ ನಾ ಹೆಚ್ಚತೇನಿ, ಯವ್ವಾ, ಉಳ್ಳಾಗಡ್ಡಿ ನಾ ಹೆಚ್ಚತೇನಿ' ಅಂತ ಬೆನ್ನ ಹತ್ಯಾನ. ಸೇವಾ ಮಾಡಾಕತ್ತಾನ ಅಂತ ನಾನೂ ಬುಟ್ಟಿ ಮುಂದ ಸರಿಸಿದೆ. ಹೆಚ್ಚಿದ ಕೈ ತೊಳಕೊಳ್ಳದ ಓಡಿ ಹೋಗಿ ಮೊದಲನೇ ಸಾಲಿನಾಗ ಕುಂದ್ರತಾನ!"

ಈರುಳ್ಳಿಯ ಗುಟ್ಟು ಕೇಳಿ ಗುರುಗಳಿಗೆ ನಗು ತಡೆಯಲಾಗಲಿಲ್ಲ. ಮೊರದಲ್ಲಿದ್ದ ಶೇಂಗಾ ಸಿಪ್ಪೆ ಹಾರುವಷ್ಟು ನಕ್ಕರು. ಅಡಿವೆಪ್ಪನ ಕಿವಿ ಕೆಂಪಾಯಿತು. ನಗು ಇಳಿದ ಮೇಲೆ ಗುರುಗಳು ಕೇಳಿದರು:

"ಹಣ್ಣಿನ ರಸದಿಂದ ಸೆರೆ ಮಾಡೂದು ಹೆಂಗ ಅಂತ ಗೊತ್ತೈತೇನು ನಿನಗ?"

ಅಡಿವೆಪ್ಪ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. "ಶಿವಶಿವಾ! ಇದೇನ್ ಮಾತ್ರೀ ಅಪ್ಪಾರ!"

"ಮಾಡು ಅಂತ ಹೇಳಾಕತ್ತಿಲ್ಲಪಾ. ಕುಡಿ ಅಂತೂ ಅಲ್ಲ. ಕೇಳು ಅಂತ ಹೇಳಾಕತ್ತೀನಿ. ಕಿವಿ ಬಿಡು. ಬಸ್ಸಿಗೆ ಇನ್ನೂ ಭಾಳ ಹೊತ್ತೈತಿ."

ಅಡಿವೆಪ್ಪ ಕಿವಿ ಬಿಟ್ಟ. ಚೀಲವನ್ನು ಮಾತ್ರ ಹೆಗಲಿನಿಂದ ಇಳಿಸಲಿಲ್ಲ. ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಸ್ಟೇಷನ್ ಮಾಸ್ತರ ಇದ್ದ. ಮೂವತ್ತಾರು ವರ್ಷ ರೈಲಿನ ಸದ್ದಿನಲ್ಲಿ ಬದುಕಿದವನು. ಸದ್ದು ಇದ್ದರೆ ಎಲ್ಲ ಸರಿ ಇದೆ, ಸದ್ದು ಇಲ್ಲದಿದ್ದರೆ ಎಲ್ಲೋ ಹಳಿ ತಪ್ಪಿದೆ. ಅವನು ಕಲಿತ ವಿದ್ಯೆಯೆಲ್ಲ ಇದೇ. ಆ ಕೆಲಸಕ್ಕೆ ಅಷ್ಟು ಸಾಕಾಗಿತ್ತು ಕೂಡ.

ನಿವೃತ್ತಿಯಾಯಿತು. ಊರ ಹೊರಗೆ ಮನೆ ಕಟ್ಟಿಸಿದ. ಅಲ್ಲಿಗೆ ರೈಲಿನ ಸದ್ದು ಬರುತ್ತಿರಲಿಲ್ಲ. ಜನರ ಸದ್ದೂ ಬರುತ್ತಿರಲಿಲ್ಲ. ಸ್ಟೇಷನ್ನಿನಲ್ಲಿದ್ದಾಗ ದಿನಕ್ಕೆ ನೂರು ಮಂದಿ, "ಗಾಡಿ ಎಷ್ಟು ಲೇಟ್ರೀ ಮಾಸ್ತರ?" ಎಂದು ಕೇಳುತ್ತಿದ್ದರು. ಈಗ ಅವನು ಬಾಗಿಲ ಮುಂದಿನ ಕಟ್ಟೆಗೆ ಹೊಸ ಕಡಪಾ ಕಲ್ಲು ಹಾಕಿಸಿ, ಯಾರಾದರೂ ಬಂದು ಕೂತಾರೆಂದು ಸಂಜೆಯೆಲ್ಲ ಕಾಯುತ್ತಿದ್ದ. ಒಂದು ಆಡು ಬಂದು ಕೂರುತ್ತಿತ್ತು.

ಅವನ ಅಳಿಯ ಹಿಮಾಚಲದ ಕಡೆ ಸೈನ್ಯದಲ್ಲಿದ್ದ. ಸೇಬು ಬೆಳೆಯುವ ಸೀಮೆ ಅದು. ರಜೆಯಲ್ಲಿ ಬಂದಾಗ ಮಾವನಿಗೆ ಹೊತ್ತು ಹೋಗಲೆಂದು ಒಂದು ಪೆಟ್ಟಿಗೆ ತಂದುಕೊಟ್ಟ. ಪೆಟ್ಟಿಗೆಯಲ್ಲಿ ಒಂದು ದೊಡ್ಡ ಗಾಜಿನ ಜಾಡಿ. ಅದಕ್ಕೊಂದು ರಬ್ಬರಿನ ಬಿರಡೆ. ಬಿರಡೆಯ ತೂತಿಗೆ ಸಿಕ್ಕಿಸಲು ಒಂದು ಡೊಂಕು ಕೊಳವೆ. ಒಂದು ಯೀಸ್ಟಿನ ಪೊಟ್ಟಣ, ಎರಡು ಡಬ್ಬಿ ಸೇಬಿನ ರಸ, ಹದಿನೈದು ದಿನದಲ್ಲಿ ಹೇಗೆ ಮಾಡಬೇಕೆಂದು ಅಚ್ಚು ಹಾಕಿದ ಒಂದು ಹಾಳೆ. ಮಾಡಿದ ಮೇಲೆ ಬರುವ ಪದಾರ್ಥಕ್ಕೆ ಸೈಡರ್ ಎಂದು ಹೆಸರು.

"ಸೈಡರ್ ಅಂದ್ರ ಏನ್ರೀ?" ಎಂದು ಮಾಸ್ತರನ ಹೆಂಡತಿ ಕೇಳಿದಳು.

"ಸೇಬಿನ ಪಾನಕ."

"ಪಾನಕಕ್ಕ ಹದಿನೈದು ದಿನ ಯಾಕ್ರೀ ಬೇಕು?"

"ಅದು ಥಂಡಿ ದೇಶದ ಪಾನಕ. ಅಲ್ಲಿ ಎಲ್ಲಾ ತಡಾನ ಆಗತೈತಿ."

ಹೆಂಡತಿ ಅವನ ಮುಖ ನೋಡಿದಳು. ಜಾಡಿಗೆ ಒಂದು ಮೂಲೆ ಬಿಡಿಸಿಕೊಟ್ಟಳು. ಮನುಷ್ಯ ಮನೆಯಲ್ಲಿ ಒಂದು ಕಡೆ ಕೂತು ಏನಾದರೂ ಮಾಡಿಕೊಂಡಿರಲಿ ಎನ್ನುವುದು ನಿವೃತ್ತನ ಹೆಂಡತಿಯ ದೊಡ್ಡ ಆಸೆ.

ಮಾಸ್ತರ ಹಾಳೆಯಲ್ಲಿದ್ದಂತೆ ಮಾಡಿದ. ಜಾಡಿ ತೊಳೆದ, ರಸ ಹೊಯ್ದ, ಯೀಸ್ಟ್ ಹಾಕಿದ, ಬಿರಡೆ ಜಡಿದ, ಕೊಳವೆಯ ಡೊಂಕಿಗೆ ನೀರು ತುಂಬಿದ. ಒಳಗೆ ರಸ ಹುದುಗಿದಂತೆ ಗಾಳಿ ಎದ್ದು ಕೊಳವೆಯ ನೀರಿನಿಂದ ಗುಳ್ಳೆಯಾಗಿ ಹೊರಬರಬೇಕು. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಅವನು ಊಟ ಮಾಡಿ ಅಡ್ಡಾಗಿದ್ದ.

ಗುಳಕ್.

ಮಾಸ್ತರ ಎದ್ದು ಕೂತ.

ಗುಳಕ್.

"ಲೈನ್ ಕ್ಲಿಯರ್!" ಎಂದು ಕೂಗಿದ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿ ಗಾಬರಿಯಾಗಿ ಓಡಿಬಂದಳು.

ಆ ಸಂಜೆ ಜಾಡಿ ಬಾಗಿಲ ಮುಂದಿನ ಕಟ್ಟೆಗೆ ಬಂತು. ದಾರಿಯಲ್ಲಿ ಹೋಗುತ್ತಿದ್ದ ಅವನ ಹಳೆಯ ಗೆಳೆಯನೊಬ್ಬ ಸದ್ದು ಕೇಳಿ ನಿಂತ. ಅವನು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಮರುದಿನ ಆ ಗಾರ್ಡ್ ಒಬ್ಬ ಬಟ್ಟೆ ವ್ಯಾಪಾರಿಯನ್ನು ಕರೆತಂದ. ವ್ಯಾಪಾರಿ ತನ್ನ ನೆರೆಮನೆಯ ದನದ ಡಾಕ್ಟರನನ್ನು ಕರೆತಂದ. ನಾಲ್ಕೇ ದಿನದಲ್ಲಿ ಅದು ನಿತ್ಯನೇಮವಾಯಿತು. ಐದು ಗಂಟೆಗೆ ಮೂವರೂ ಬರುವುದು, ಜಾಡಿಯ ಸುತ್ತ ಕೂರುವುದು, ಕಿವಿ ಕೊಡುವುದು. ಗಾರ್ಡ್ ಕೈಗಡಿಯಾರ ಬಿಚ್ಚಿ ಎಣಿಸುತ್ತಿದ್ದ. ಮಾಸ್ತರ ನೋಟಬುಕ್ಕಿನಲ್ಲಿ ಬರೆಯುತ್ತಿದ್ದ. ನಿಮಿಷಕ್ಕೆ ಇಪ್ಪತ್ತು, ಮೂವತ್ತೆರಡು, ನಲವತ್ತೊಂದು.

"ನನ್ನ ಅಂಗಡ್ಯಾಗ ಗಿರಾಕಿನೂ ಇಷ್ಟು ಮಾತಾಡೂದಿಲ್ಲೋ ಮಾರಾಯಾ" ಎಂದ ವ್ಯಾಪಾರಿ.

"ತಬೇತಿ ಚಲೋ ಐತಿ" ಎಂದ ದನದ ಡಾಕ್ಟರ. "ಹಿಂಗ ಸದ್ದು ಮಾಡೋ ಹೊಟ್ಟಿ ಇದ್ದ ಎಮ್ಮಿ ಹತ್ತು ಲೀಟರಿಗೆ ಮೋಸ ಇಲ್ಲ."

ಹೆಂಡತಿ ಮಂಡಕ್ಕಿಯ ಗಿರ್ಮಿಟ್ಟು ಕಲಸಿ ತಂದಿಡುತ್ತಿದ್ದಳು. ಆಡಿಗೆ ಕೂರಲು ಜಾಗವಿಲ್ಲದಾಯಿತು. ಮಾಸ್ತರನ ಮುಖದಲ್ಲಿ ಮತ್ತೆ ಸ್ಟೇಷನ್ನಿನ ಕಳೆ ಬಂತು. ಎಂಟನೆಯ ದಿನ ಅವನು ಉತ್ಸಾಹ ತಡೆಯಲಾರದೆ ಘೋಷಣೆ ಮಾಡಿದ: "ಮುಂದಿನ ತಿಂಗಳ ಮೊದಲನೇ ರವಿವಾರ ನಿಮ್ಮ ನಿಮ್ಮ ಗ್ಲಾಸು ತಗೊಂಡ ಬರ್ರಿ. ತಲಾ ಒಂದು ಗ್ಲಾಸು. ನಮ್ಮನ್ಯಾಗಿನ ಸೈಡರ್." ಮೂವರೂ ಒಪ್ಪಿದರು.

"ಗುರುಗಳ ಬಾಯಾಗ ಎಂಥಾ ಕತಿ ಬರಾಕತ್ತೈತಿ ನೋಡ್ರಿ" ಎಂದು ಗೊಣಗುತ್ತ ನೀಲವ್ವ ಒಲೆಯ ಕಟ್ಟಿಗೆ ಹಿಂದಕ್ಕೆಳೆದು ಉರಿ ಸಣ್ಣದು ಮಾಡಿ, ಬಾಗಿಲಲ್ಲೇ ಕೂತುಬಿಟ್ಟಳು. ರೊಟ್ಟಿ ಆಮೇಲೆ ನೋಡಿಕೊಂಡರಾಯಿತು.

ಹತ್ತನೆಯ ದಿನ ಗುಳ್ಳೆ ನಿಮಿಷಕ್ಕೆ ಆರಕ್ಕೆ ಇಳಿಯಿತು. ಹನ್ನೊಂದನೆಯ ದಿನ ಒಂದು. ಹನ್ನೆರಡನೆಯ ದಿನ ಪೂರ್ತಿ ನಿಂತಿತು.

ಗೆಳೆಯರು ಬಂದರು. ಕೂತರು. ಹತ್ತು ನಿಮಿಷ ಕಿವಿ ಕೊಟ್ಟರು. ವ್ಯಾಪಾರಿಗೆ ಅಂಗಡಿಯ ನೆನಪಾಯಿತು. ಗಾರ್ಡನಿಗೆ ಮೊಮ್ಮಗಳನ್ನು ಟ್ಯೂಷನ್ನಿನಿಂದ ಕರೆತರಬೇಕಾಗಿತ್ತು. ದನದ ಡಾಕ್ಟರ ಮಾತ್ರ ತನ್ನ ಚೀಲದಿಂದ ಸ್ಟೆತಾಸ್ಕೋಪು ತೆಗೆದು ಜಾಡಿಯ ಹೊಟ್ಟೆಗೆ ಹಚ್ಚಿದ. ಮೇಲೆ ಹಚ್ಚಿದ, ಕೆಳಗೆ ಹಚ್ಚಿದ. ಆಮೇಲೆ ಕಿವಿಯಿಂದ ತೆಗೆದು ನಿಧಾನವಾಗಿ ಸುತ್ತಿ ಇಟ್ಟ.

"ಎಮ್ಮಿ ಆಗಿದ್ರ ಮನ್ಯಾಗಿನ ಹೆಣ್ಣುಮಕ್ಕಳಿಗೆ ಈಗ ಅಳಾಕ ಹೇಳತಿದ್ದೆ" ಎಂದು ಎದ್ದು ಹೋದ.

ಕಟ್ಟೆ ಖಾಲಿಯಾಯಿತು. ಮರುದಿನ ಮೂವರೂ ಬರಲಿಲ್ಲ. ಆಡು ಬಂತು. ಗುಳ್ಳೆ ನಿಂತದ್ದಕ್ಕಿಂತ ಇದು ಮಾಸ್ತರನನ್ನು ಹೆಚ್ಚು ಚುಚ್ಚಿತು. ಜಾಡಿಯನ್ನು ಮತ್ತೆ ಮಾತಾಡಿಸದಿದ್ದರೆ ಈ ಜನ ಇನ್ನು ತನ್ನ ಬಾಗಿಲಿಗೆ ಬರುವುದಿಲ್ಲ. ಅವನಿಗೆ ಅದು ನಿಶ್ಚಯವಾಗಿ ಹೋಯಿತು.

ಅಳಿಯ ಕೊಟ್ಟ ಹಾಳೆಯನ್ನು ಮತ್ತೆ ತೆಗೆದ. ಓದಿ ನೋಡಿದ. ಕೊನೆಯ ಸಾಲಿನಲ್ಲಿ, 'ಗುಳ್ಳೆ ನಿಂತರೆ ಸಿದ್ಧವಾಯಿತೆಂದು ತಿಳಿಯಿರಿ' ಎಂದು ಸ್ಪಷ್ಟವಾಗಿ ಬರೆದಿತ್ತು. ಮಾಸ್ತರ ಎರಡು ಸಲ ಓದಿದ. ನಿಂತದ್ದು ಸಿದ್ಧವಾಗುವುದು ಹೇಗೆ? ಮೂವತ್ತಾರು ವರ್ಷದಲ್ಲಿ ಅಂಥ ಮಾತು ಅವನು ಕೇಳಿರಲಿಲ್ಲ. ಇದು ಅಚ್ಚಿನ ತಪ್ಪೇ ಸರಿ. ಕೆಂಪು ಪೆನ್ನು ತೆಗೆದು 'ಸಿದ್ಧವಾಯಿತೆಂದು' ಹೊಡೆದುಹಾಕಿ, ಮೇಲೆ 'ಕೆಟ್ಟಿತೆಂದು' ಎಂದು ಬರೆದ. ಕೆಳಗೆ ಸಹಿ ಮಾಡಿ ತಾರೀಖು ಹಾಕಿದ.

ಇಲ್ಲಿ ಅಡಿವೆಪ್ಪ ಪಕಪಕ ನಕ್ಕುಬಿಟ್ಟ. "ಎಂಥಾ ಹುಚ್ಚಪ್ಯಾಲಿರೀ ಅಪ್ಪಾರ ಅವ! ಬರದದ್ದು ಕಣ್ಣಿಗೆ ಕಾಣತೈತಿ, ಅದನ್ನ ತಿದ್ದತಾನಲ್ಲ!"

"ಹೌದಲ್ಲ" ಎಂದರು ಗುರುಗಳು. ಒಂದು ಶೇಂಗಾ ಬಾಯಿಗೆ ಹಾಕಿಕೊಂಡು ಮುಂದುವರಿಸಿದರು.

ಮಾಸ್ತರ ಚೀಲ ಹಿಡಿದು ಬೆಲ್ಲ ತರಲು ಹೊರಟ. ಹೆಂಡತಿ ಅಡ್ಡ ಬಂದಳು.

"ಏನ್ರೀ, ಅದನ್ನ ಅದರ ಪಾಡಿಗೆ ಬಿಡ್ರೀ."

"ನಿನಗ ತಿಳಿಯೂದಿಲ್ಲ. ಕುಕ್ಕರ ಸೀಟಿ ಹೊಡೀದ ಬ್ಯಾಳಿ ಬೇಯತೈತೇನು?"

"ಸೀಟಿ ನಿಂತು, ಹಬಿ ಇಳಿದ ಮ್ಯಾಲ ನಾವು ಮುಚ್ಚಳಾ ತಗೀತೇವ್ರೀ. ಸೀಟಿ ಹೊಡ್ಯಾಕತ್ತಾಗ ತಗದು ಮಾರಿ ಸುಟಗೊಳ್ಳೂದಿಲ್ಲ."

ಅಡುಗೆಮನೆಯ ಉಪಮೆ ತೆಗೆದದ್ದು ಅವನೇ. ಅಲ್ಲಿಯೇ ಸೋತ. ಸೋತವನು ಸಿಟ್ಟಾಗುವುದುಂಟು. "ರೈಲ್ವೇದಾಗ ನೀ ಸರ್ವಿಸ್ ಮಾಡೀಯೇನು?" ಎಂದು ಕೇಳಿ ಹೊರಟುಹೋದ. ಬೆಲ್ಲಕ್ಕೂ ರೈಲ್ವೆಗೂ ಏನು ಸಂಬಂಧವೆಂದು ಅವಳು ಕೇಳಲಿಲ್ಲ.

ಒಂದು ಕಿಲೋ ಬೆಲ್ಲ ಜಾಡಿಗೆ ಬಿತ್ತು. ಮರುದಿನ ಗುಳಕ್. ಮಾಸ್ತರ ಮೂರೂ ಮನೆಗೆ ಓಡಿದ: "ಬರ್ರಿ, ಬರ್ರಿ, ಉಸಿರು ಬಂತು!" ಗೆಳೆಯರು ಬಂದರು. ಗಡಿಯಾರ ಹೊರಬಂತು, ಗಿರ್ಮಿಟ್ಟು ಬಂತು. ಐದು ದಿನ ನಡೆಯಿತು. ಮತ್ತೆ ನಿಂತಿತು. ಮತ್ತೆ ಕಟ್ಟೆ ಖಾಲಿ.

ಈ ಸಲ ಮಾಸ್ತರ ದೋಸೆಹಿಟ್ಟು ಹಾಕಿದ. ಅದೂ ಉಬ್ಬುವ ಪದಾರ್ಥವೇ ತಾನೆ ಎಂಬುದು ಅವನ ಲೆಕ್ಕ. ಎರಡು ಗುಳ್ಳೆ ಬಂದುವು, ಗಂಟಲು ಕೆಮ್ಮಿದ ಹಾಗೆ. ಮಗುವಿಗೆ ಹೊದಿಸಿದಂತೆ ಜಾಡಿಗೆ ಕೌದಿ ಹೊದಿಸಿ ಬಿಸಿಲಿಗಿಟ್ಟ. ತೊಡೆಯ ಮೇಲೆ ಮಲಗಿಸಿಕೊಂಡು ಅಲುಗಾಡಿಸಿದ. ಬಾಗಿ, ಕೊಳವೆಗೆ ಬಾಯಿಟ್ಟು ತಾನೇ ಊದಿದ. ಕೊಳವೆಯ ನೀರೆಲ್ಲ ಒಳಗೆ ಹೋಯಿತು. ಮೊದಲು ಚಿನ್ನದ ಹಾಗೆ ತಿಳಿಯಾಗಿದ್ದ ರಸ ಈಗ ಕಲಗಚ್ಚಿನ ಬಣ್ಣಕ್ಕೆ ತಿರುಗಿತು. ಅವನು ಬಣ್ಣ ನೋಡಲಿಲ್ಲ. ಅವನು ನೋಡುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಬರೀ ಕೇಳುತ್ತಿದ್ದ.

ಕರೆದ ರವಿವಾರ ಹತ್ತಿರ ಬಂತು. ಶನಿವಾರ ಮುಂಜಾನೆ ಮಾಸ್ತರನಿಗೆ ಒಂದು ಉಪಾಯ ಹೊಳೆಯಿತು. ಒಳಗೆ ಸ್ವಲ್ಪ ಗಾಳಿ ಏಳುತ್ತಲೇ ಇರಬೇಕು; ಸಣ್ಣ ಸದ್ದು, ತನಗೆ ಕೇಳಿಸುತ್ತಿಲ್ಲ. ಸಣ್ಣ ಸದ್ದನ್ನು ದೊಡ್ಡದು ಮಾಡುವುದು ಹೇಗೆ? ಟ್ರಂಕಿನಿಂದ ತನ್ನ ಹಿತ್ತಾಳೆಯ ಸೀಟಿ ತೆಗೆದ. ನೌಕರಿಯ ಕೊನೆಯ ದಿನ ಊದಿದ ಸೀಟಿ ಅದು. ಕೊಳವೆ ಕಿತ್ತು, ಬಿರಡೆಯ ತೂತಿಗೆ ಸೀಟಿ ತುರುಕಿದ. ಗಾಳಿ ಹೊರಡುವುದಕ್ಕೆ ಇನ್ನು ಇದೊಂದೇ ದಾರಿ. ಹೊರಟರೆ ಸೀಟಿ ಹೊಡೆಯಲೇಬೇಕು. ಜೊತೆಗೆ ಇರಲೆಂದು ಇನ್ನೊಂದು ಮುಷ್ಟಿ ಬೆಲ್ಲ, ಅಳಿಯನ ಪೊಟ್ಟಣದಲ್ಲಿ ಉಳಿದಿದ್ದ ಯೀಸ್ಟನ್ನೂ ಉದುರಿಸಿದ. ಬಿರಡೆಯನ್ನು ಕಲ್ಲಿನಿಂದ ಕುಟ್ಟಿ ಜಡಿದ.

ಸೀಟಿಯೊಳಗೆ ಒಂದು ಸಣ್ಣ ಗೋಲಿ ಇರುತ್ತದೆ. ಮಾಸ್ತರನ ಕೈಯಿಂದ ಅಂಟಿದ ಬೆಲ್ಲಕ್ಕೆ ಅದು ಕಚ್ಚಿಕೊಂಡು ಗಾಳಿಯ ದಾರಿ ಮುಚ್ಚಿತು.

ರವಿವಾರ ಸಂಜೆ ಐದಕ್ಕೆ ಮೂವರೂ ಬಂದರು. ವ್ಯಾಪಾರಿ ಹೂಬಳ್ಳಿ ಕೊರೆದ ಗಾಜಿನ ಲೋಟ ತಂದಿದ್ದ. ಗಾರ್ಡ್ ಸ್ಟೀಲಿನ ಲೋಟ. ದನದ ಡಾಕ್ಟರ ಔಷಧ ಅಳೆಯುವ ಗೀರುಗಳಿದ್ದ ಲೋಟ ತಂದಿದ್ದ. ಜಾಡಿ ನಡುವೆ ಕೂತಿತ್ತು. ಸದ್ದಿಲ್ಲ.

"ಎಲ್ಲೈತೋ ಮಾಸ್ತರ ನಿನ್ನ ಗಾಡಿ?" ಎಂದ ಗಾರ್ಡ್.

"ಔಟರ್ ಸಿಗ್ನಲ್ಲಿಗೆ ಬಂದೈತಿ" ಎಂದ ಮಾಸ್ತರ. ಹಣೆಯ ಬೆವರು ಒರೆಸಿಕೊಂಡ. ಕಿವಿ ಹಚ್ಚಿ ಕೇಳಲು ಬಾಗಿದ. ಬಾಗಿದವನ ಹೆಗಲಿನಿಂದ ಟವೆಲ್ ಕೆಳಗೆ ಬಿತ್ತು. ಟವೆಲ್ ಎತ್ತಿಕೊಳ್ಳಲು ಇನ್ನೂ ಕೆಳಗೆ ಬಾಗಿದ. ಅವನ ಮೂಗು ಉಳಿದದ್ದು ಆ ಟವೆಲಿನಿಂದ.

ಢಮ್ ಎಂದು ಬಿರಡೆ ಹಾರಿತು. ಹಾರುವಾಗ ಸೀಟಿ ಒಂದೇ ಒಂದು ಸಲ, ಆದರೆ ಬಲು ಉದ್ದಕ್ಕೆ, ಹೊಡೆಯಿತು. ಗಾರ್ಡನ ಮೈಯಲ್ಲಿ ಮೂವತ್ತು ವರ್ಷದ ಅಭ್ಯಾಸ ಇತ್ತು. ಅವನು ದಡಕ್ಕನೆ ಎದ್ದು ನಿಂತು ಹಸಿರು ನಿಶಾನೆ ತೋರಿಸುವವನಂತೆ ಸ್ಟೀಲಿನ ಲೋಟ ಬೀಸಿದ. ಅಷ್ಟರಲ್ಲಿ ಜಾಡಿಯ ಬಾಯಿಂದ ನೊರೆ ಎದ್ದು ವ್ಯಾಪಾರಿಯ ಇಸ್ತ್ರಿ ಮಾಡಿದ ಅಂಗಿಗೆ, ಡಾಕ್ಟರನ ಕನ್ನಡಕಕ್ಕೆ, ಮಾಸ್ತರನ ಬೋಳುತಲೆಗೆ, ಯಾರಿಗೂ ಕಡಿಮೆಯಾಗದ ಹಾಗೆ ಹಂಚಿಕೆಯಾಯಿತು. ಹುಳಿವಾಸನೆ ಬೀದಿಗೆಲ್ಲ ಹಬ್ಬಿತು. ಆಡು ಚಂಗನೆ ಜಿಗಿದು ಓಡಿತು.

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲುಗಾಡುತ್ತಿದ್ದಳು. ಅಡಿವೆಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅದನ್ನು ಅವನು ಗಮನಿಸಲಿಲ್ಲ. ಗುರುಗಳು ಗಮನಿಸಿ ಕತೆ ಮುಂದುವರಿಸಿದರು.

ಜಾಡಿಯ ತಳದಲ್ಲಿ ನಾಲ್ಕು ಬೆರಳು ಕೆಸರು ಉಳಿದಿತ್ತು. ಅದರಲ್ಲಿ ದೋಸೆಹಿಟ್ಟಿನ ಗಂಟು ತೇಲುತ್ತಿತ್ತು. ಮಾಸ್ತರ ಅದನ್ನು ನೋಡಿದ. ಗೆಳೆಯರ ಕೈಯಲ್ಲಿದ್ದ ಖಾಲಿ ಲೋಟ ನೋಡಿದ. ಕಟ್ಟೆಯ ಮೇಲೆ ಕುಸಿದು ಕೂತು, ಸಣ್ಣ ಮಗು ಅಳುವಂತೆ ಅತ್ತುಬಿಟ್ಟ.

"ಇನ್ನ ನೀವು ಬರೂದಿಲ್ಲ" ಎಂದ. "ಬರೂದು ಯಾಕ? ಇಲ್ಲಿ ಏನೈತಿ ಕೇಳಾಕ?"

ಡಾಕ್ಟರ ಕನ್ನಡಕ ಒರೆಸುತ್ತ ನಿಂತ. ಆಗ ಹೆಂಡತಿ ಒಳಗಿನಿಂದ ಎರಡು ಶೀಶೆ ತಂದಳು. ಶೀಶೆಯ ಒಳಗಿದ್ದದ್ದು ಸಂಜೆಯ ಬಿಸಿಲಿಗೆ ಹಿಡಿದರೆ ಆಚೆಯ ಬೀದಿ ಕಾಣುವಷ್ಟು ತಿಳಿಯಾಗಿತ್ತು.

"ಇದೇನು?" ಎಂದ ಮಾಸ್ತರ.

"ನಿಮ್ಮದೇ ಪಾನಕರೀ. ಸದ್ದು ನಿಂತಿತು ಅಂತ ನೀವು ಬೆಲ್ಲಾ ತರಾಕ ಹೋದ್ರಲ್ಲ, ಆವತ್ತ ಮ್ಯಾಲಿನ ತಿಳಿ ಬಗ್ಗಿಸಿ ತಗದಿಟ್ಟೆ. ನೀರಿನ ಹರವಿ ಮಗ್ಗಲಕ್ಕ, ತಂಪಿನ್ಯಾಗ."

"ಆಗೇತಿ ಅಂತ ನಿನಗ ಹೆಂಗ ಗೊತ್ತಾತು?"

"ಒಂದು ಬಟ್ಟು ಅದ್ದಿ ನಾಲಿಗಿಗೆ ಇಟಗೊಂಡೆ. ಉಪ್ಪಿನಕಾಯಿ ಕಳೀತೋ ಇಲ್ಲೋ ಅಂತ ಭರಣಿಗೆ ಕಿವಿ ಹಚ್ಚಿ ಯಾರರ ಕೇಳತಾರೇನ್ರೀ?"

ಅವಳು ಮೂರೂ ಲೋಟಕ್ಕೆ ಅಳತೆಯಾಗಿ ಹೊಯ್ದಳು. ಗಂಡನಿಗೆ ಅವನ ಚಹಾದ ಬಟ್ಟಲಲ್ಲಿ ಕೊಟ್ಟಳು. ನಾಲ್ವರೂ ಒಂದು ಗುಟುಕು ಕುಡಿದರು.

ವ್ಯಾಪಾರಿ ಕಣ್ಣು ಮುಚ್ಚಿದ. ಗಾರ್ಡ್ ಗಡಿಯಾರ ನೋಡಲಿಲ್ಲ. ದನದ ಡಾಕ್ಟರ ಇನ್ನೊಂದು ಗೀರಿನಷ್ಟು ಕುಡಿದು, ಲೋಟ ತೊಡೆಯ ಮೇಲಿಟ್ಟುಕೊಂಡು ಬೀದಿ ನೋಡುತ್ತ ಕೂತ. ಕಟ್ಟೆಯ ಮೇಲೆ ಯಾವ ಸದ್ದೂ ಇರಲಿಲ್ಲ. ಮಾಸ್ತರ ಇವರು ಈಗ ಏಳುತ್ತಾರೆ, ಇನ್ನೇನು ಏಳುತ್ತಾರೆ ಎಂದು ಕಾದ. ಮನೆಗಳಲ್ಲಿ ದೀಪ ಹತ್ತಿತು. ಯಾರೂ ಏಳಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿ ಮೊರದ ಸಿಪ್ಪೆ ಕೊಡವಿದರು.

ಅಡಿವೆಪ್ಪ ಕಣ್ಣೊರೆಸಿಕೊಂಡ. ನಗು ಮೆಲ್ಲಗೆ ಇಳಿಯಿತು. ಕತೆ ತನ್ನ ಕಡೆಗೆ ತಿರುಗಿರುವುದು ಈಗ ಅವನಿಗೆ ಕಾಣಿಸಿತು. ತಣ್ಣೀರು, ಹಾಲಿನ ಉಪವಾಸ, ತಾಳದ ಮಗ್ಗುಲು, ಉಳ್ಳಾಗಡ್ಡಿ ಎಲ್ಲ ಒಂದೊಂದಾಗಿ ನೆನಪಾದುವು. ಹೊಳೆಯ ಆಚೆಯ ಮಠದ ಗಡಗಡ ನಡುಕವೂ ನೆನಪಾಯಿತು. ಅದು ಯಾರೋ ಜಾಡಿ ಅಲುಗಾಡಿಸಿದಂತೆ ಕಂಡಿತು. ಮುಖಕ್ಕೆ ನಾಚಿಕೆ ಬಂತು.

ಆದರೆ ನಾಚಿಕೆಯ ಬೆನ್ನಿಗೇ ಇನ್ನೊಂದು ವಿಚಾರ ಬಂತು. ನಿಂತದ್ದು ಕೆಟ್ಟದ್ದಲ್ಲ, ಸಿದ್ಧವಾದದ್ದು. ಹಾಗಾದರೆ ತನ್ನೊಳಗೆ ನಿಂತು ಒಂದು ವರ್ಷವಾಯಿತಲ್ಲ? ಅವನು ನೆಟ್ಟಗೆ ಕೂತ. ಎದೆ ಸ್ವಲ್ಪ ಮುಂದೆ ಬಂತು. ನೀಲವ್ವನ ಕಡೆ ಒಮ್ಮೆ ನೋಡಿದ, ಅವಳೂ ಕೇಳಲಿ ಎನ್ನುವ ಹಾಗೆ.

"ಅಪ್ಪಾರ, ಹಂಗಾದ್ರ ನಾ ಹೋಗೂದು ಬ್ಯಾಡ. ಅಲ್ರೀ, ನನ್ನೊಳಗೂ ಸದ್ದು ನಿಂತೈತಲ್ಲ, ನಂದೂ ಮಾಗೇತಿ ಅಂದಂಗ ಆತಲ್ರೀ? ಜನರಿಗೆ ಹಂಗಂತ ಹೇಳಬಹುದಲ್ರೀ? ಹೇಳ್ರಿ ಅಪ್ಪಾರ, ಮಾಗೇತೋ ಇಲ್ಲೋ? ಎಷ್ಟು ಮಾಗೇತಿ?"

ಗುರುಗಳು ಕೊನೆಯ ಶೇಂಗಾ ಒಡೆದು ಅವನ ಕೈಗಿಟ್ಟರು.

"ಇಷ್ಟು ಕೇಳಾಕತ್ತೀ ಅಂದ್ರ ಇನ್ನೂ ಸದ್ದು ಐತಿ ತಮ್ಮಾ, ಕುಂದರು."

ಅಡಿವೆಪ್ಪ ಹೆಗಲಿನಿಂದ ಚೀಲ ಇಳಿಸಿದ.